ನಡುವಿನ ಮೂರು ವರ್ಷ: ಮೇಲಿನ ಓದು, ಫೆಲೊಶಿಪ್ ಮತ್ತು ಊರಿನ ದತ್ತಿ

(ಕುಂದಗೋಳ ತಾಲೂಕಿನ ಸಂಶಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟ ಹಿರಿಯರು ನನಗೆ ಎರಡು ಮಾತು ಹೇಳಿ ಕಳಿಸಿದ್ದಾರೆ. ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದು ಎಂಬುದು ಒಂದು. ಉಪನ್ಯಾಸ ಊರಿನ ಮಕ್ಕಳ ಉಪಯೋಗಕ್ಕೆ ಬರಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದರ ಸಲುವಾಗಿ ಇವತ್ತು ನಾನು ಶರಣರ ವಿಚಾರ, ಕಾವ್ಯದ ವಿಚಾರ ಬದಿಗಿಟ್ಟು ರೊಕ್ಕದ ವಿಚಾರ ಮಾತಾಡುತ್ತೇನೆ. ರೊಕ್ಕದ ಮಾತು ವೇದಿಕೆಗೆ ಶೋಭೆಯಲ್ಲ ಎನ್ನುವವರಿದ್ದಾರೆ. ಆದರೆ ಡಿಗ್ರಿ ಮುಗಿದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಅದೇ: ಮುಂದೆ ಕಲೀಬೇಕಂದ್ರ ಖರ್ಚು ಯಾರು ಕೊಡೋರು?

ಬಹಳ ವರ್ಷ ಧಾರವಾಡದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬಂದ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಅದರಿಂದ ನನಗೆ ತಿಳಿದದ್ದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಓದಿನ ಮೇಲ್ತುದಿಯಲ್ಲಿ, ಅಂದರೆ ಪಿಎಚ್.ಡಿ. ಹಂತದಲ್ಲಿ, ಸರಕಾರದ ಹಣ ಇದೆ, ಒಳ್ಳೆಯ ಮೊತ್ತವೇ ಇದೆ. ಕೆಳಗೆ ಶಾಲೆ, ಪಿಯುಸಿ, ಡಿಗ್ರಿ ಹಂತದಲ್ಲೂ ಅಷ್ಟಿಷ್ಟು ಇದೆ. ಬರಿದಾಗಿರುವುದು ನಡುವಿನ ಮೂರು ವರ್ಷ: ಎಂ.ಎ. ಅಥವಾ ಎಂ.ಎಸ್ಸಿ.ಯ ಎರಡು ವರ್ಷ, ಅದರ ಬೆನ್ನಿಗೆ ಅರ್ಹತಾ ಪರೀಕ್ಷೆ ಬರೆಯುತ್ತ ಕಾಯುವ ಒಂದು ವರ್ಷ. ನಾನು ಕಂಡ ಮಕ್ಕಳಲ್ಲಿ ಓದು ಬಿಟ್ಟವರು ಹೆಚ್ಚಾಗಿ ಬಿಟ್ಟದ್ದು ಈ ಮೂರು ವರ್ಷದಲ್ಲೇ. ಊರಿನ ದತ್ತಿ, ಊರಿನ ದಾನ ಹೋಗಬೇಕಾದದ್ದೂ ಅಲ್ಲಿಗೇ.

ಹಿಂದಿನವರು ಹಾಕಿಕೊಟ್ಟ ದಾರಿ

ವಿದ್ಯೆಗೆ ದಾನ ಕೊಡುವುದು ಈ ಸೀಮೆಗೆ ಹೊಸದಲ್ಲ. ನಮ್ಮ ಜಿಲ್ಲೆಯ ನವಲಗುಂದದ ಹೆಸರನ್ನೇ ಹೊತ್ತ ನವಲಗುಂದ-ಶಿರಸಂಗಿ ದೇಸಗತಿಯ ಲಿಂಗರಾಜರನ್ನು ನೆನೆಯಿರಿ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿಯ ದೇಸಾಯರ ಮನೆಗೆ ದತ್ತಕ ಹೋದವರು ಅವರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷರಾಗಿದ್ದವರೂ ಅವರೇ. 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಉತ್ತರ ಕರ್ನಾಟಕದ ಊರೂರಲ್ಲಿ ಸಿಗುತ್ತಾರೆ. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು.

ಲಿಂಗರಾಜರ ದಾನದಲ್ಲಿ ಎರಡು ಸಂಗತಿ ಗಮನಿಸಬೇಕು. ಅವರು ಬಿಟ್ಟದ್ದು ಭೂಮಿ. ವರ್ಷ ವರ್ಷ ಉತ್ಪನ್ನ ಬರುತ್ತದೆ, ಮೂಲ ಹಾಗೇ ಉಳಿಯುತ್ತದೆ, ಕಾಲ ಹೋದಂತೆ ಅದರ ಬೆಲೆಯೂ ಏರುತ್ತದೆ. ಬರೀ ನಗದಿಗೆ ಈ ಗುಣ ಇಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಇನ್ನೊಂದು ಸಂಗತಿ ಅದರ ಮಿತಿ. ಆ ಕಾಲದ ದತ್ತಿಗಳು ಬಹುಮಟ್ಟಿಗೆ ಒಂದೊಂದು ಸಮಾಜದ ಮಕ್ಕಳಿಗಾಗಿ ಇದ್ದವು. ಯಾವ ಸಮಾಜದಲ್ಲಿ ದೇಸಾಯರು, ಇನಾಮದಾರರು ಇರಲಿಲ್ಲವೋ ಆ ಸಮಾಜದ ಮಗು ಯಾರ ಬಾಗಿಲಿಗೆ ಹೋಗಬೇಕಿತ್ತು?

ಕಾಲೇಜು ಬಂದದ್ದೂ ಜನರ ವಂತಿಗೆಯ ಬಲದಿಂದಲೇ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಅದಕ್ಕಾಗಿ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಊರೂರು ತಿರುಗಿ ಹಣ ಕೂಡಿಸಿದರು. ಅಲ್ಲಿಯವರೆಗೆ ಡಿಗ್ರಿ ಎಂದರೆ ಪುಣೆ ಇಲ್ಲವೆ ಮುಂಬಯಿ. ವಿಶ್ವವಿದ್ಯಾಲಯ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು: ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ 1950ರಲ್ಲಿ ಧಾರವಾಡಕ್ಕೆ ಬಂತು. ಮನೆಯಿಂದ ಬುತ್ತಿ ಕಳಿಸುವಷ್ಟು ದೂರದಲ್ಲಿ ವಿಶ್ವವಿದ್ಯಾಲಯ ಇರುವುದೇ ಒಂದು ಬಗೆಯ ವಿದ್ಯಾರ್ಥಿವೇತನ.

ಈ ತಾಲೂಕಿನಲ್ಲೇ ಇನ್ನೊಂದು ಬಗೆಯ ಉನ್ನತ ವ್ಯಾಸಂಗ ನಡೆದಿದೆ. ಕುಂದಗೋಳದ ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿಯವರು ಸಂಗೀತ ಕಲಿತದ್ದು ಗುರುವಿನ ಮನೆಯಲ್ಲಿ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಪಾಠ ಮಾಡಿಸಿಕೊಂಡು ತಿರುಗಿ ಹೋಗುತ್ತಿದ್ದರು. ಒಬ್ಬರಿಗೆ ಗುರುವಿನ ಮನೆಯ ಊಟ ಸಿಕ್ಕಿತು, ಇನ್ನೊಬ್ಬರಿಗೆ ರೈಲು ಸಿಕ್ಕಿತು. ಮೇಲಿನ ಕಲಿಕೆಗೆ ಬೇಕಾದದ್ದು ಕೊನೆಗೂ ಮೂರೇ: ಕಲಿಸುವವರು, ಹೊಟ್ಟೆಗೆ ಹಿಟ್ಟು, ಬೇರೆ ಚಿಂತೆಯಿಲ್ಲದ ಹೊತ್ತು. ಈ ಮೂರನ್ನೂ ಒಟ್ಟಿಗೆ ಕೊಡುವ ಏರ್ಪಾಡಿಗೆ ಇವತ್ತು ಫೆಲೊಶಿಪ್ ಎನ್ನುತ್ತೇವೆ.

ಇವತ್ತು ಎಲ್ಲಿ ಎಷ್ಟು ಇದೆ

ಮೇಲಿನಿಂದ ಕೆಳಕ್ಕೆ ಬರೋಣ. ಯು.ಜಿ.ಸಿ.ಯ ನೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಜೂನಿಯರ್ ರಿಸರ್ಚ್ ಫೆಲೊಶಿಪ್) ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಸೀನಿಯರ್ ಫೆಲೊ ಆದರೆ 42,000, ಅದು ಮೂರು ವರ್ಷ. ಲೆಕ್ಕ ಹಾಕಿ: ಐದು ವರ್ಷಕ್ಕೆ ಸರಿಯಾಗಿ 24 ಲಕ್ಷ. ಮನೆಬಾಡಿಗೆ ಭತ್ಯೆ, ಪುಸ್ತಕ-ಪ್ರಯಾಣದ ಅನುದಾನ ಬೇರೆ. ಪರಿಶಿಷ್ಟ ಜಾತಿಯವರಿಗೆ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೊಶಿಪ್‌ಗಳಿವೆ, ಅವುಗಳ ಆಯ್ಕೆಯೂ ಇದೇ ನೆಟ್ ಮೂಲಕ. ಐಐಟಿ, ಐಐಎಸ್‌ಸಿಯಂಥ ಸಂಸ್ಥೆಗಳಲ್ಲಿ 2018ರಿಂದ ಪ್ರಧಾನಮಂತ್ರಿ ಸಂಶೋಧನಾ ಫೆಲೊಶಿಪ್ ಇದೆ, ಅದು ತಿಂಗಳಿಗೆ 70,000ದಿಂದ ಶುರು.

ಈಗ ಕೆಳಗೆ. ವಿದ್ಯಾಸಿರಿ ಯೋಜನೆ ಬಂದಾಗ ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ-ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು ಇತ್ತು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಓದುವ ರೈತನ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500. ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ನಿಗದಿಯಾಯಿತು. ವರ್ಷಕ್ಕೆ 11,000 ಎಂದರೆ ತಿಂಗಳಿಗೆ ಸಾವಿರವೂ ಬೀಳುವುದಿಲ್ಲ. ಅಂದರೆ ಎಂ.ಎ. ಮುಗಿಸಿ ಜೆ.ಆರ್.ಎಫ್. ಪಡೆದ ಹುಡುಗಿಗೆ ತಿಂಗಳಿಗೆ 37,000. ಅದಕ್ಕೆ ಒಂದು ವರ್ಷ ಮೊದಲು ಅದೇ ಹುಡುಗಿಗೆ ತಿಂಗಳಿಗೆ 900 ಚಿಲ್ಲರೆ.

ಎಂಜಿನಿಯರಿಂಗ್‌ನವರಿಗೆ ಈ ತೊಂದರೆ ಕಡಿಮೆ. ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ಬರುತ್ತದೆ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ಸಸ್ಯಶಾಸ್ತ್ರ, ಗಣಿತ ಓದುವ ಎಂ.ಎ., ಎಂ.ಎಸ್ಸಿ.ಯವರಿಗೆ ಅಂಥದ್ದು ಬಹುಕಾಲ ಇರಲೇ ಇಲ್ಲ. ಈಚೆಗೆ ಯು.ಜಿ.ಸಿ. ಸ್ನಾತಕೋತ್ತರಕ್ಕೆಂದು ತಿಂಗಳಿಗೆ 15,000ರಂತೆ ವರ್ಷಕ್ಕೆ ಹತ್ತು ತಿಂಗಳ ರಾಷ್ಟ್ರೀಯ ವಿದ್ಯಾರ್ಥಿವೇತನ ತಂದಿದೆ. ಅದು ಒಳ್ಳೆಯ ಹೆಜ್ಜೆ, ಆದರೆ ಇಡೀ ದೇಶಕ್ಕೆ ವರ್ಷಕ್ಕೆ 10,000 ಮಂದಿಗೆ ಮಾತ್ರ.

ಇನ್ನೊಂದು ವಿಚಿತ್ರ ನೋಡಿ. 2024ರ ಆರಂಭದಿಂದ ನಮ್ಮ ರಾಜ್ಯ ಸರಕಾರ ಯುವನಿಧಿ ಕೊಡುತ್ತಿದೆ: ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇದು ಇಲ್ಲ. ಮನೆಯಲ್ಲಿ ಕುಳಿತು ಕೆಲಸಕ್ಕೆ ಕಾಯುವವನ ಕೈಗೆ 3,000 ಬರುತ್ತದೆ, ಎಂ.ಎ.ಗೆ ಹೆಸರು ಹಚ್ಚಿದವನ ಕೈಗೆ ಬರುವುದಿಲ್ಲ. ನಿರುದ್ಯೋಗ ಭತ್ಯೆಗೂ ವಿದ್ಯಾರ್ಥಿವೇತನಕ್ಕೂ ಉದ್ದೇಶ ಬೇರೆ ಎಂಬ ಸರಕಾರದ ವಾದ ನನಗೆ ಅರ್ಥವಾಗುತ್ತದೆ. ಆದರೆ ಬಡ ಮನೆಯ ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಮಾಡುತ್ತಾನೆ, ಮತ್ತು ಅವನ ಲೆಕ್ಕ ತಪ್ಪಲ್ಲ.

ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಸೀಟು ಕೊಡುವಾಗಲೇ ಸಾಮಾನ್ಯವಾಗಿ ಹಣದ ಪತ್ರವನ್ನೂ ಕೊಡುತ್ತಾರೆ: ಫೀ ಮಾಫಿ, ತಿಂಗಳ ಸಂಭಾವನೆ, ಬದಲಿಗೆ ಡಿಗ್ರಿ ಮಕ್ಕಳಿಗೆ ಪಾಠ ಇಲ್ಲವೆ ಲ್ಯಾಬಿನ ಕೆಲಸ. ನಮ್ಮಲ್ಲಿ ಪ್ರವೇಶ ಒಂದು ಬಾಗಿಲು, ಹಣ ಇನ್ನೊಂದು ಬಾಗಿಲು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದೆ ಪಿಎಚ್.ಡಿ. ಸೇರಿದವರಿಗೂ ಯು.ಜಿ.ಸಿ.ಯಿಂದ ತಿಂಗಳಿಗೆ 8,000 ಸಿಗುತ್ತ ಬಂದಿದೆ. 2015ರಲ್ಲಿ ಅದನ್ನು ನಿಲ್ಲಿಸುವ ಮಾತು ಬಂದಾಗ ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಯು.ಜಿ.ಸಿ. ಕಚೇರಿಯ ಮುಂದೆ ಧರಣಿ ಕುಳಿತರು. ಧಾರವಾಡದಂಥ ರಾಜ್ಯ ವಿಶ್ವವಿದ್ಯಾಲಯಗಳ ಮಕ್ಕಳಿಗೆ ಆ ಹಣ ಇರಲೇ ಇಲ್ಲ, ಆದ್ದರಿಂದ ಕಳೆದುಕೊಳ್ಳುವ ಪ್ರಶ್ನೆಯೂ ಬರಲಿಲ್ಲ.

ಹೊಲದ ಲೆಕ್ಕ, ಮೆಸ್ಸಿನ ಲೆಕ್ಕ

ಸಂಶಿಯ ಸುತ್ತಿನ ಎರಿಹೊಲದ ಮನೆಯೊಂದನ್ನು ತೆಗೆದುಕೊಳ್ಳೋಣ. ಐದಾರು ಎಕರೆ ಸ್ವಂತದ್ದು, ಒಂದೆರಡು ಎಕರೆ ಲಾವಣಿಗೆ ಹಿಡಿದದ್ದು. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ. ಹೆಸರು ಕೈಹಿಡಿದರೆ ಗಣಪತಿ ಹಬ್ಬದ ಆಸುಪಾಸು ಒಂದಿಷ್ಟು ರೊಕ್ಕ. ಮೆಣಸಿನಕಾಯಿ ಒಣಗಿ ಬ್ಯಾಡಗಿ ಮಾರುಕಟ್ಟೆ ಮುಟ್ಟಿ ಪಟ್ಟಿ ಆಗುವುದು ಸಂಕ್ರಾಂತಿಯ ಆಚೆ. ಈ ಮನೆಗೆ ದುಡ್ಡು ವರ್ಷದಲ್ಲಿ ಎರಡು ಸಲ ಬರುತ್ತದೆ, ಬಂದಷ್ಟೂ ಬೀಜ, ಗೊಬ್ಬರ, ಸೊಸೈಟಿ ಸಾಲ, ಅಂಗಡಿ ಉದ್ರಿಗೆ ಮೊದಲೇ ಹಂಚಿಹೋಗಿರುತ್ತದೆ.

ವಿಶ್ವವಿದ್ಯಾಲಯದ ಪಂಚಾಂಗ ಬೇರೆ. ಡಿಗ್ರಿ ಫಲಿತಾಂಶ ಬಂದು ಪಿ.ಜಿ. ಪ್ರವೇಶ ಆಗುವುದು ಹೆಚ್ಚಾಗಿ ಮಳೆಗಾಲದಲ್ಲಿ, ಇಲ್ಲವೆ ಅದು ಮುಗಿಯುವ ಹೊತ್ತಿಗೆ. ಆಗ ಹೊಲದಲ್ಲಿ ಕಸ ತೆಗೆಯುವ ಆಳಿನ ಕೂಲಿ ಏರಿರುತ್ತದೆ, ಮನೆಯಲ್ಲಿ ಬಿಡಿಗಾಸು ಇರುವುದಿಲ್ಲ. ಫೀ ಒಮ್ಮೆ ಕಟ್ಟಬೇಕು, ಹಾಸ್ಟೆಲ್ ಸಿಗದಿದ್ದರೆ ರೂಮಿಗೆ ಮುಂಗಡ ಕೊಡಬೇಕು, ಆಮೇಲೆ ಪ್ರತಿ ತಿಂಗಳು ಮೆಸ್ ಬಿಲ್. ಸ್ಕಾಲರ್‌ಶಿಪ್ ಮಂಜೂರಾದರೂ ಖಾತೆಗೆ ಜಮಾ ಆಗುವುದು ಬಹಳ ಸಲ ವರ್ಷ ಮುಗಿಯುವ ಹೊತ್ತಿಗೆ. ಹೀಗೆ ಒಂದೇ ಮನೆಯಲ್ಲಿ ಎರಡು ಕಾಲಗಣನೆ ನಡೆಯುತ್ತದೆ: ಅಪ್ಪನದು ಹಂಗಾಮಿನ ಲೆಕ್ಕ, ಮಗನದು ತಿಂಗಳ ಲೆಕ್ಕ. ಎರಡರ ನಡುವಿನ ಕಂದಕವನ್ನು ತುಂಬುವುದು ಕೈಗಡ. ಕೈಗಡ ಸಿಗದಿದ್ದರೆ ಹುಡುಗ ಮೊದಲ ಸೆಮಿಸ್ಟರಿನಲ್ಲೇ ಊರಿಗೆ ಬಂದುಬಿಡುತ್ತಾನೆ.

ನನ್ನ ವಿಭಾಗದಲ್ಲಿ ಅಂಥ ಒಬ್ಬ ಹುಡುಗ ಇದ್ದ. ಪ್ರವೇಶದ ಪಟ್ಟಿಯಲ್ಲಿ ಮೊದಲ ಐವರೊಳಗಿನವನು. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ವಿಚಾರಿಸಿದಾಗ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಪಗಾರಕ್ಕೆ ನಿಂತಿದ್ದ. ಅವನಿಗೆ ಬಾಕಿಯಿದ್ದದ್ದು ಮೂರು ತಿಂಗಳ ಮೆಸ್ ಬಿಲ್. ಅವನು ಕೇಳಲಿಲ್ಲ, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮರ್ಯಾದೆಯ ಮನೆಯ ಮಕ್ಕಳು ಹಣ ಕೇಳುವುದಿಲ್ಲ, ಓದು ಬಿಡುತ್ತಾರೆ.

ಮೆಣಸಿನಕಾಯಿ ಬೆಳೆಯುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ನಾಟಿಯ ಹೊತ್ತಿಗೆ ಮಳೆಯಾಗಿ, ಕೊಯ್ಲಿನ ಹೊತ್ತಿಗೆ ಬಿಸಿಲೂ ಚಲೋ ಬಿದ್ದು, ನಡುವೆ ಹೂವು ಹಿಡಿಯುವಾಗ ಮಳೆ ಕೈಕೊಟ್ಟರೆ ಗಿಡ ಬದುಕಿರುತ್ತದೆ, ಕಾಯಿ ಇರುವುದಿಲ್ಲ. ಎಂ.ಎ., ಎಂ.ಎಸ್ಸಿ. ವರ್ಷಗಳು ಆ ಹೂವಿನ ದಿನಗಳು.

ಹೆಣ್ಣುಮಕ್ಕಳ ವಿಷಯದಲ್ಲಿ ಹಣದ ಜೊತೆಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಡಿಗ್ರಿ ಆದೊಡನೆ ವರ ನೋಡುವ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ಹಾಗಾಗಿ ಇಲ್ಲಿಂದ ಹುಬ್ಬಳ್ಳಿ, ಧಾರವಾಡಕ್ಕೆ ಹೋಗಿಬರುವ ಖರ್ಚು ತಪ್ಪಿದೆ. ಆದರೆ ದಿನವೂ ಹೋಗಿಬಂದು ಎಂ.ಎಸ್ಸಿ. ಲ್ಯಾಬು ಮುಗಿಸುವುದು ಸುಲಭವಲ್ಲ. ಲೈಬ್ರರಿಯ ಸಂಜೆ ಆ ಹುಡುಗಿಗೆ ಸಿಗುವುದೇ ಇಲ್ಲ. ಮನೆಯ ಚಾವಡಿಯ ಮಾತನ್ನು ಬದಲಿಸುವ ಶಕ್ತಿ ತಿಂಗಳ ಹಣಕ್ಕಿದೆ. ಮಗಳ ಖಾತೆಗೆ ಫೆಲೊಶಿಪ್ ಬರತೊಡಗಿದ ಮೇಲೆ ಆಕೆಯ ಓದಿನ ಬಗ್ಗೆ ದೊಡ್ಡಪ್ಪ, ಸೋದರಮಾವ ಆಡುವ ಮಾತಿನ ಧಾಟಿಯೇ ಬೇರೆಯಾಗುವುದನ್ನು ನಾನು ನೋಡಿದ್ದೇನೆ. ಜೆ.ಆರ್.ಎಫ್.ಗೆ ವಯಸ್ಸಿನ ಮಿತಿ 30; ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಇದೆ. ಪಿಎಚ್.ಡಿ. ಅವಧಿಯಲ್ಲಿ ಒಂದು ಸಲ 240 ದಿನಗಳ ಹೆರಿಗೆ ರಜೆಯೂ ಇದೆ. ಮದುವೆಯಾದರೆ ಓದು ಮುಗಿಯಿತು ಎನ್ನುವವರಿಗೆ ಈ ನಿಯಮಗಳನ್ನು ತೋರಿಸಿ.

ಪರೀಕ್ಷೆ ಎಂಬ ಬಾಗಿಲು

24 ಲಕ್ಷದ ಬಾಗಿಲಿಗೆ ಕೀಲಿ ನೆಟ್ ಪರೀಕ್ಷೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಬರೆದವರಲ್ಲಿ ಸುಮಾರು ಶೇಕಡಾ 6ರಷ್ಟು ಮಂದಿ ಉಪನ್ಯಾಸಕ ಹುದ್ದೆಗೆ ಅರ್ಹರಾಗುತ್ತಾರೆ, ಜೆ.ಆರ್.ಎಫ್. ಸಿಗುವವರು ಅದಕ್ಕಿಂತ ಕಡಿಮೆ.

ಭಾಷಾ ವಿಷಯಗಳನ್ನು ಬಿಟ್ಟರೆ ಇದರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರವನ್ನು ಡಿಗ್ರಿಯಿಂದ ಎಂ.ಎ.ವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಇಲ್ಲಿ ಮೊದಲ ಸಲ ಎಲ್ಲವನ್ನೂ ಇಂಗ್ಲಿಷಿನಲ್ಲಿ ಎದುರಿಸುತ್ತಾಳೆ. ಕನ್ನಡ ಎಂ.ಎ.ಯವಳಿಗೂ ಸಾಮಾನ್ಯ ಪತ್ರಿಕೆ ಇಂಗ್ಲಿಷಿನಲ್ಲೇ. ನಮ್ಮ ರಾಜ್ಯದ ಕೆ-ಸೆಟ್ ಕನ್ನಡದಲ್ಲೂ ಇದೆ. ಅದು ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆ ಕೊಡುತ್ತದೆ, ಫೆಲೊಶಿಪ್ ಕೊಡುವುದಿಲ್ಲ. ಹೀಗಾಗಿ ಕನ್ನಡದಲ್ಲಿ ಬರೆಯಬಹುದಾದ ಪರೀಕ್ಷೆಯಲ್ಲಿ ಹಣ ಇಲ್ಲ, ಹಣ ಇರುವ ಪರೀಕ್ಷೆಯಲ್ಲಿ ಕನ್ನಡ ಇಲ್ಲ. ಎಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮೇನ್ಸ್, ವೈದ್ಯಕೀಯ ಪ್ರವೇಶದ ನೀಟ್ ಎರಡೂ ಇವತ್ತು ಕನ್ನಡದಲ್ಲಿವೆ. ನೆಟ್ ಯಾಕೆ ಇರಬಾರದು ಎಂದು ನಮ್ಮ ಸಂಸದರು ಕೇಳಬೇಕು, ನಾವು ಅವರನ್ನು ಕೇಳಬೇಕು.

ಕಾಯುವ ವರ್ಷದ ಕಷ್ಟವನ್ನು 2024ರ ಜೂನ್ ತೋರಿಸಿತು. 18ರಂದು ನೆಟ್ ನಡೆಯಿತು, 19ರಂದು ಕೇಂದ್ರ ಶಿಕ್ಷಣ ಇಲಾಖೆ ಅದನ್ನು ರದ್ದು ಮಾಡಿತು, ಮರುಪರೀಕ್ಷೆ ನಡೆದದ್ದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಅನುಕೂಲಸ್ಥರ ಮನೆಯಲ್ಲಿ ಅದು ಎರಡು ತಿಂಗಳ ಬೇಸರ. ರೂಮಿನ ಬಾಡಿಗೆಯನ್ನು ಜೂನ್‌ವರೆಗೆ ಮಾತ್ರ ಹೊಂದಿಸಿಕೊಂಡಿದ್ದವನಿಗೆ ಅದು ಓದಿನ ಕೊನೆ.

ಮೂವರು ವಿದ್ವಾಂಸರ ಲೆಕ್ಕಪುಸ್ತಕ

ಮೇಲಿನ ಓದಿಗೆ ಹಣ ಸಿಕ್ಕ ಮೂವರ ಕಥೆಯನ್ನು ರೊಕ್ಕದ ಕಡೆಯಿಂದ ನೋಡೋಣ.

ಭೀಮರಾವ್ ಅಂಬೇಡ್ಕರರಿಗೆ 1913ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು ಇತ್ತು. ಅಲ್ಲಿಂದ ಅವರು ಲಂಡನ್ನಿಗೆ ಹೋದರು. ಆದರೆ ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಅರ್ಧ ಕೆಲಸ ಬಿಟ್ಟು ಮರಳಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ್ದು, ಕೊಲ್ಹಾಪುರದ ಶಾಹೂ ಮಹಾರಾಜರು ಕೊಟ್ಟದ್ದು, ಗೆಳೆಯ ನವಲ್ ಭಥೇನಾ ಅವರಿಂದ ಪಡೆದದ್ದು ಸೇರಿಸಿ 1920ರಲ್ಲಿ ಮತ್ತೆ ಹೊರಟರು. ಲಂಡನ್ನಿನ ಡಿ.ಎಸ್ಸಿ. ದೊರೆತದ್ದು 1923ರಲ್ಲಿ. ಅಂಥ ಮೇಧಾವಿಗೂ ಹಣ ನಿಂತಾಗ ಓದು ನಿಂತಿತು. ತುಂಡಾದದ್ದನ್ನು ಮತ್ತೆ ಜೋಡಿಸುವ ಛಲ ಅವರಿಗಿತ್ತು. ಎಲ್ಲ ಮಕ್ಕಳಿಂದ ಆ ಛಲವನ್ನು ನಿರೀಕ್ಷಿಸಿ ವ್ಯವಸ್ಥೆ ಕಟ್ಟಬಾರದು.

ಧಾರವಾಡದ ಗಿರೀಶ ಕಾರ್ನಾಡರು ಕರ್ನಾಟಕ ವಿಶ್ವವಿದ್ಯಾಲಯದಿಂದ 1958ರಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದರು, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದರು. ನಾಟಕಕಾರನಾಗುವವರು ಗಣಿತ ಯಾಕೆ ಹಿಡಿದರು? ಪರದೇಶದ ವಿದ್ಯಾರ್ಥಿವೇತನಕ್ಕೆ ಬೇಕಾದ ಅಂಕ ಗಣಿತದಲ್ಲಿ ಸಿಗುತ್ತದೆ ಎಂಬ ಲೆಕ್ಕಾಚಾರದಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಹಣ ಎಲ್ಲಿದೆಯೋ ವಿಷಯ ಅತ್ತ ವಾಲುತ್ತದೆ. ಕಾರ್ನಾಡರಿಗೆ ಅದು ಕೇಡಾಗಲಿಲ್ಲ. ಆದರೆ ಸಾಹಿತ್ಯ, ಇತಿಹಾಸ, ಶಾಸನ ಓದುವವರಿಗೆ ಹಣ ಇಲ್ಲ ಎಂದಾದರೆ ನಾಳೆ ನಮ್ಮೂರ ಗುಡಿಯ ಮುಂದಿನ ಶಾಸನ ಓದುವವರು ಎಲ್ಲಿಂದ ಬರಬೇಕು?

ಮೂರನೆಯವರು ಎ.ಕೆ. ರಾಮಾನುಜನ್. ಆಗಲೇ ಹೇಳಿದ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಅವರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತು, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಪಿಎಚ್.ಡಿ. ಮುಗಿಸಿದರು. ಹೋಗುವಾಗ ಅವರ ವಯಸ್ಸು 30. ಕೆಲವು ವರ್ಷ ದುಡಿದು, ಮನೆ ನಿಭಾಯಿಸಿ, ಆಮೇಲೆ ಓದಿಗೆ ಮರಳುವವರೂ ಇರುತ್ತಾರೆ. ಅವರಿಗೂ ಬಾಗಿಲು ತೆರೆದಿರಬೇಕು.

ಇವರ ಸಾಲಿಗೆ ಸೇರುವ ಡಿ.ಸಿ. ಪಾವಟೆಯವರನ್ನು ಈ ಭಾಗದಲ್ಲಿ ಪರಿಚಯಿಸಬೇಕಿಲ್ಲ. ಗೋಕಾಕ ತಾಲೂಕಿನ ಮಮದಾಪುರದವರು, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು, 1954ರಿಂದ 1967ರವರೆಗೆ ನಮ್ಮ ವಿಶ್ವವಿದ್ಯಾಲಯದ ಕುಲಪತಿಗಳು. ಇವತ್ತು ಅವರ ಹೆಸರಿನ ಫೆಲೊಶಿಪ್ ಮೇಲೆ ಕರ್ನಾಟಕದ ಸಂಶೋಧಕರು, ಅಧ್ಯಾಪಕರು ಅದೇ ಸಿಡ್ನಿ ಸಸೆಕ್ಸಿಗೆ ಹೋಗಿಬರುತ್ತಾರೆ. ಒಬ್ಬರು ನಡೆದ ದಾರಿಯಲ್ಲಿ ಹಲವರು ನಡೆಯುವಂತೆ ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ.

ಊರಿನ ದತ್ತಿ ಏನು ಮಾಡಬಹುದು

ಈಗ ನಮ್ಮ ಕೈಯಲ್ಲಿರುವ ಮಾತಿಗೆ ಬರೋಣ. ಸಾಮಾನ್ಯವಾಗಿ ದತ್ತಿ ಎಂದರೆ ವರ್ಷಕ್ಕೊಂದು ಉಪನ್ಯಾಸ, ಹತ್ತನೆಯ ತರಗತಿಯಲ್ಲಿ ಮೊದಲು ಬಂದವರಿಗೆ 1,001 ರೂಪಾಯಿ, ಒಂದು ಶಾಲು, ಒಂದು ಫೋಟೋ. ಇದು ಗೌರವ. ಗೌರವ ಬೇಕು. ಆದರೆ ಇದರಿಂದ ಯಾರ ಓದೂ ಮುಂದೆ ಸಾಗುವುದಿಲ್ಲ.

ಮೊದಲು ಮೂಲಧನದ ಲೆಕ್ಕ. 1975ರಲ್ಲಿ ಒಬ್ಬರು 5,000 ರೂಪಾಯಿ ದತ್ತಿ ಇಟ್ಟರು ಎಂದುಕೊಳ್ಳಿ. ಶೇಕಡಾ 7ರಂತೆ ಅದರ ಬಡ್ಡಿ ವರ್ಷಕ್ಕೆ 350. ಆ ಕಾಲಕ್ಕೆ ಅದು ಒಬ್ಬ ವಿದ್ಯಾರ್ಥಿಯ ಒಂದೆರಡು ತಿಂಗಳ ಊಟ. ಇವತ್ತೂ ಅದು 350ಯೇ, ಶಾಲಿಗೂ ಸಾಲದು. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದ ದತ್ತಿ ನಿಧಾನವಾಗಿ ಕರಗುತ್ತದೆ. ಲಿಂಗರಾಜರು ಭೂಮಿ ಬಿಟ್ಟದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ನಗದು ಇಡುವವರು ಬಡ್ಡಿಯ ಒಂದು ಪಾಲನ್ನು ವರ್ಷ ವರ್ಷ ಗಂಟಿಗೇ ಸೇರಿಸಬೇಕು.

ಹತ್ತು ಲಕ್ಷ ಕೂಡಿಸಿದರೆ ಶೇಕಡಾ 7ರಂತೆ 70,000. ಅದರಲ್ಲಿ 20,000 ಗಂಟಿಗೆ ಮರಳಲಿ, 50,000 ಖರ್ಚಾಗಲಿ. ತಿಂಗಳಿಗೆ 5,000ದಂತೆ ಹತ್ತು ತಿಂಗಳು: ಒಬ್ಬ ವಿದ್ಯಾರ್ಥಿಯ ಊಟ, ರೂಮು. ಮೂರು ವರ್ಷಕ್ಕೆ ಒಟ್ಟು ಒಂದೂವರೆ ಲಕ್ಷ. 24 ಲಕ್ಷದ ಬಾಗಿಲಿಗೆ ಅಡ್ಡ ನಿಂತಿರುವುದು ಈ ಒಂದೂವರೆ ಲಕ್ಷ.

ಹತ್ತು ಲಕ್ಷ ಒಬ್ಬರಿಂದಲೇ ಬರಬೇಕಿಲ್ಲ. ಈ ಊರಿನಿಂದ ಹೋಗಿ ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವವರು ಇದ್ದಾರೆ. ಜಾತ್ರೆಗೆ, ಗುಡಿಯ ಶಿಖರಕ್ಕೆ ಪಟ್ಟಿ ಹಾಕಿದಾಗ ಇದಕ್ಕಿಂತ ಹೆಚ್ಚು ಕೂಡಿಸಿದ ಊರು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ?

ಇಂಥ ನಿಧಿಗೆ ನಾನು ನಾಲ್ಕು ಕಟ್ಟಳೆ ಸೂಚಿಸುತ್ತೇನೆ.

ಒಂದು, ಹತ್ತು ಮಂದಿಗೆ ಹಂಚಬೇಡಿ. 50,000ವನ್ನು ಐದೈದು ಸಾವಿರ ಮಾಡಿ ಹತ್ತು ಮಂದಿಗೆ ಕೊಟ್ಟರೆ ಯಾರಿಗೂ ಬೇಸರವಾಗುವುದಿಲ್ಲ, ಯಾರಿಗೂ ಓದು ದಕ್ಕುವುದೂ ಇಲ್ಲ. ಒಬ್ಬರಿಗೆ, ಮೂರೂ ವರ್ಷ ಕೊಡಿ.

ಎರಡು, ತಿಂಗಳ 1ನೇ ತಾರೀಖಿಗೆ ಖಾತೆಗೆ ಹಾಕಿ. ಸಮಾರಂಭ ಮಾಡಿ ಚೆಕ್ ಕೊಡಬೇಕೆಂದು ಆರು ತಿಂಗಳು ಕಾಯಿಸಬೇಡಿ. ಪ್ರವೇಶದ ತಿಂಗಳಲ್ಲಿ ಎರಡು ಕಂತು ಒಟ್ಟಿಗೆ ಕೊಡಿ. ಮೊತ್ತ ಸಣ್ಣದಾದರೂ ನಡೆದೀತು, ತಾರೀಖು ತಪ್ಪಬಾರದು.

ಮೂರು, ಜಾತಿ ನೋಡಬೇಡಿ. ಹೊಲ ಇಲ್ಲದ ಮನೆ, ತಂದೆ ಇಲ್ಲದ ಮನೆ, ಮನೆತನದಲ್ಲಿ ಮೊದಲ ಸಲ ಎಂ.ಎ. ಮೆಟ್ಟಿಲು ಹತ್ತುವ ಮಗು, ಇವಕ್ಕೆ ಮೊದಲ ಪಾಳಿ. ಆಯ್ಕೆಗೆ ಊರಿನವರು ಇಬ್ಬರು ಸಾಕು. ವಿಷಯ ಬಲ್ಲ ಹೊರಗಿನ ಅಧ್ಯಾಪಕರೊಬ್ಬರು ಇರಲಿ, ವಶೀಲಿ ಮಾತು ಬರುವುದಿಲ್ಲ.

ನಾಲ್ಕು, ಸಾಲವೆಂದು ಕೊಡಬೇಡಿ. ಜಮಶೇಟಜಿ ಟಾಟಾ 1892ರಲ್ಲಿ ಪರದೇಶದ ಓದಿಗೆಂದು ಇಟ್ಟ ನಿಧಿ ಸಾಲದ ರೂಪದ್ದು, ಮರುಪಾವತಿಯಿಂದ ಇನ್ನೊಬ್ಬರಿಗೆ ದಾರಿ. ಪರದೇಶಕ್ಕೆ ಹೋಗಿ ದೊಡ್ಡ ಸಂಬಳಕ್ಕೆ ಸೇರುವವರಿಗೆ ಅದು ಸರಿ. ಸೊಸೈಟಿ ಸಾಲದಲ್ಲಿ ಬೆಳೆದ ಮಗುವಿಗೆ ಸಾಲ ಎಂದರೆ ಹೆದರಿಕೆ. ಬದಲಿಗೆ ಬಾಯಿಮಾತಿನ ಒಪ್ಪಂದ ಸಾಕು: ಜೆ.ಆರ್.ಎಫ್. ಸಿಕ್ಕಿತೋ, ಒಂದು ತಿಂಗಳಿನ ಫೆಲೊಶಿಪ್ಪನ್ನು ಈ ಗಂಟಿಗೆ ಸೇರಿಸಬೇಕು. 37,000 ಬಂದರೆ ಮುಂದಿನ ವಿದ್ಯಾರ್ಥಿಗೆ ಏಳು ತಿಂಗಳ ಊಟವಾಯಿತು. ಸಿಗದಿದ್ದವರಿಂದ ಏನನ್ನೂ ಕೇಳಬಾರದು. ಅವರು ಶಾಲೆಯ ಮಾಸ್ತರರಾಗಿ, ಪಿಡಿಒ ಆಗಿ, ಬ್ಯಾಂಕಿನಲ್ಲಿ ನೌಕರಿಗೆ ಸೇರಿ ಬಂದರೂ ಊರಿಗೆ ನಷ್ಟವಿಲ್ಲ.

ತಮ್ಮಂದಿರಿಗೆ, ತಂಗಿಯರಿಗೆ

ಡಿಗ್ರಿ ಕೊನೆಯ ವರ್ಷದಲ್ಲೇ ಮೂರು ಕೆಲಸ ಮುಗಿಸಿಡಿ. ಹತ್ತನೆಯ ತರಗತಿಯ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ಣ ಹೆಸರು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ನೋಡಿಕೊಳ್ಳಿ. ರಾಜ್ಯದ ಎಸ್.ಎಸ್.ಪಿ., ಕೇಂದ್ರದ ಎನ್.ಎಸ್.ಪಿ. ವಿದ್ಯಾರ್ಥಿವೇತನ ಪೋರ್ಟಲ್ ಎರಡನ್ನೂ ನೀವೇ ತೆರೆದು ನೋಡಿ, ಸೈಬರ್ ಅಂಗಡಿಯವನು ಹೇಳಿದ್ದಷ್ಟನ್ನೇ ನಂಬಬೇಡಿ.

ಎಂ.ಎ. ಎರಡನೆಯ ವರ್ಷದಲ್ಲಿರುವಾಗಲೇ ನೆಟ್ ಬರೆಯಲು ಅವಕಾಶವಿದೆ. ಆ ಒಂದು ಪ್ರಯತ್ನವನ್ನು ಬಿಡಬೇಡಿ. ಕಾಯುವ ವರ್ಷವೇ ಉಳಿದೀತು. ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಪಾರಿಭಾಷಿಕ ಪದಗಳನ್ನು ಮಾತ್ರ ಮೊದಲ ದಿನದಿಂದ ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳಿ. ಫೆಲೊಶಿಪ್ ಬಂದ ಮೇಲೆ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಚೇರಿಯವರು ಬ್ಯಾಂಕಿನ ಪೋರ್ಟಲ್‌ನಲ್ಲಿ ನಿಮ್ಮ ಹಾಜರಿಯನ್ನು ದೃಢೀಕರಿಸಬೇಕು. ಅದು ತಪ್ಪಿದರೆ ಹಣ ನಿಲ್ಲುತ್ತದೆ. ಕಚೇರಿಗೆ ಹೋಗಿ ವಿಚಾರಿಸುವುದು ನಿಮ್ಮ ಹಕ್ಕು. ಫೆಲೊಶಿಪ್ ಯಾರ ಕೃಪೆಯೂ ಅಲ್ಲ. ಸಂಶೋಧನೆ ದುಡಿಮೆ, ಅದು ಆ ದುಡಿಮೆಗೆ ಬರುವ ಪಗಾರ.

ಹಿರಿಯರೇ, ಸರಕಾರ ನಡುವಿನ ಮೂರು ವರ್ಷವನ್ನು ನಾಳೆ ತುಂಬೀತು. ತುಂಬಬೇಕೆಂದು ಕೇಳುವುದನ್ನು ನಾವು ಬಿಡಬಾರದು. ಅಲ್ಲಿಯವರೆಗೆ ಈ ವರ್ಷದ ಫಲಿತಾಂಶ ಬಂದ ಮಕ್ಕಳು ಕಾಯಲಾರರು. ಆದ್ದರಿಂದ ಈ ಸಭೆಯಿಂದ ಏಳುವ ಮೊದಲು ಮೂವರ ಒಂದು ಸಮಿತಿ ಆಗಲಿ, ಈ ತಿಂಗಳೊಳಗೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆಯಲಿ. ಇವತ್ತಿನ ಉಪನ್ಯಾಸಕ್ಕೆ ನನಗೆ ಕೊಡಬೇಕೆಂದಿರುವ ಸಂಭಾವನೆ ಆ ಖಾತೆಯ ಮೊದಲ ಜಮಾ ಆಗಲಿ. ಮುಂದಿನ ವರ್ಷದ ಉಪನ್ಯಾಸಕ್ಕೆ ಬರುವವರ ಮುಂದೆ ಒಬ್ಬ ವಿದ್ಯಾರ್ಥಿಯ ಹತ್ತು ತಿಂಗಳ ಪಾಸ್‌ಬುಕ್ಕನ್ನು ಇಡಿ. ಪ್ರತಿ ತಿಂಗಳ 1ನೇ ತಾರೀಖಿಗೆ ಜಮಾ ಆಗಿದ್ದರೆ ಈ ದತ್ತಿ ತನ್ನ ಕೆಲಸ ಮಾಡಿದೆ ಎಂದರ್ಥ.